ಹಳೆಯ ಸೇನಾ ರೈಫಲ್‌ಗೆ ಎಷ್ಟು ಕೊಟ್ಟರೆ ನ್ಯಾಯ?

2020ರ ಗಣರಾಜ್ಯೋತ್ಸವದ ದಿನ ಉತ್ತರ ಪ್ರದೇಶದ ಪೊಲೀಸರು .303 ರೈಫಲ್‌ಗೆ ವಿಧ್ಯುಕ್ತವಾಗಿ ವಿದಾಯ ಹೇಳಿದರು. ಖಜಾನೆಯ ಬಾಗಿಲಲ್ಲಿ, ಮತಗಟ್ಟೆಯ ಮುಂದೆ, ಜೈಲಿನ ಗೋಡೆಯ ಮೇಲೆ ಕಾವಲು ನಿಂತವರ ಹೆಗಲಲ್ಲಿ ನಾವೆಲ್ಲ ನೋಡಿರುವ ‘ತ್ರೀ ನಾಟ್ ತ್ರೀ’ ಅದು. ಅದರ ಪೂರ್ಣ ಹೆಸರು ಲೀ-ಎನ್‌ಫೀಲ್ಡ್. ಇಲ್ಲಿ ಉಗ್ರಾಣ ಸೇರಿದ ಅದೇ ಕೋವಿಗೆ ಅಮೆರಿಕ, ಬ್ರಿಟನ್, ಕೆನಡಾಗಳ ಸಂಗ್ರಾಹಕರು ಹರಾಜಿನಲ್ಲಿ ಪೈಪೋಟಿ ನಡೆಸುತ್ತಾರೆ. ಒಂದೇ ಕಾರ್ಖಾನೆಯಲ್ಲಿ ಒಂದೇ ವರ್ಷ ತಯಾರಾದ ಎರಡು ಕೋವಿಗಳಲ್ಲಿ ಒಂದಕ್ಕೆ ಕೆಲವು ನೂರು ಡಾಲರ್, ಇನ್ನೊಂದಕ್ಕೆ ಹಲವು ಸಾವಿರ ಡಾಲರ್ ಬೀಳುವುದು ಅಲ್ಲಿ ಸಾಮಾನ್ಯ. ಎರಡೂ ಬೆಲೆ ನ್ಯಾಯವೇ? ಹಾಗಿದ್ದರೆ ಅದನ್ನು ನಿರ್ಧರಿಸುವುದು ಯಾವುದು?

ಈ ಪ್ರಶ್ನೆಗೆ ಸಂಗ್ರಾಹಕರು, ಹರಾಜುದಾರರು, ಅರ್ಥಶಾಸ್ತ್ರಜ್ಞರು ಬೇರೆ ಬೇರೆ ಉತ್ತರ ಕೊಟ್ಟಿದ್ದಾರೆ. ಕಾನೂನಿಗೂ ತನ್ನದೇ ಉತ್ತರವಿದೆ. ಚಿತ್ರಕಲೆ, ನಾಣ್ಯ, ಅಂಚೆಚೀಟಿಗಳ ಬೆಲೆಯ ಚರ್ಚೆಗೆ ಹತ್ತಿರದ್ದಾದರೂ ಇದಕ್ಕೆ ಒಂದು ವಿಶೇಷ ತೊಡಕಿದೆ. ಸೇನಾ ರೈಫಲ್ ಲಕ್ಷಗಟ್ಟಲೆಯಲ್ಲಿ ಅಚ್ಚು ಹಾಕಿದಂತೆ ತಯಾರಾದ ಸಲಕರಣೆ. ಅದನ್ನು ಬಳಸಿದ ಸೈನ್ಯಗಳೇ ಬಿಚ್ಚಿ, ರಿಪೇರಿ ಮಾಡಿ, ಬಿಡಿಭಾಗ ಬದಲಿಸಿ ಮತ್ತೆ ಬಳಸಿವೆ. ಹೀಗಿರುವಾಗ ಅದರ ‘ಮೂಲರೂಪ’ ಎಂದರೆ ಏನು ಎಂಬುದೇ ಮೊದಲ ಜಗಳ.

ಇಪ್ಪತ್ತು ಡಾಲರಿನ ಕಾಲ

ಎರಡನೇ ಮಹಾಯುದ್ಧ ಮುಗಿದಾಗ ಜಗತ್ತಿನ ಶಸ್ತ್ರಾಗಾರಗಳಲ್ಲಿ ಬೋಲ್ಟ್ ಎಳೆದು ಹೊಡೆಯುವ ರೈಫಲ್‌ಗಳು ರಾಶಿ ಬಿದ್ದಿದ್ದವು. ಲೀ-ಎನ್‌ಫೀಲ್ಡ್ ಒಂದರದ್ದೇ ಒಟ್ಟು ತಯಾರಿಕೆ ಸುಮಾರು 1.7 ಕೋಟಿ ಎಂಬ ಅಂದಾಜಿದೆ. ರಷ್ಯದ ಮೋಸಿನ್-ನಾಗಾಂತ್ ಅದಕ್ಕಿಂತಲೂ ಹೆಚ್ಚು. ಸೈನ್ಯಗಳು ತಾನಾಗಿ ತೋಟಾ ತುಂಬಿಕೊಳ್ಳುವ ಹೊಸ ಕೋವಿಗಳತ್ತ ಹೊರಳಿದ ಮೇಲೆ ಇವು ಬೇಡವಾದವು. ಸ್ಯಾಮ್ಯುಯೆಲ್ ಕಮಿಂಗ್ಸ್‌ನ ಇಂಟರ್‌ಆರ್ಮ್ಸ್‌ನಂಥ ಕಂಪನಿಗಳು ಹಡಗುಗಟ್ಟಲೆ ಕೊಂಡು ಅಮೆರಿಕದ ಮಾರುಕಟ್ಟೆಗೆ ತಂದವು. ಪತ್ರಿಕೆಯ ಜಾಹೀರಾತು ನೋಡಿ ಅಂಚೆಯಲ್ಲಿ ಹಣ ಕಳಿಸಿದರೆ ಕೋವಿ ಮನೆಗೆ ಬರುತ್ತಿತ್ತು.

ಆಗ ಅವುಗಳಿಗೆ ಇದ್ದದ್ದು ಬಳಕೆಯ ಬೆಲೆ ಮಾತ್ರ. ಹಳ್ಳಿಗಾಡಿನ ಬೇಟೆಗಾರರು ಕೊಂಡು, ಮುಂಭಾಗದ ಮರವನ್ನು ಗರಗಸದಿಂದ ಕತ್ತರಿಸಿ, ನಳಿಕೆಯನ್ನು ಮೋಟು ಮಾಡಿ, ಸೇನೆಯ ಗುರಿಪಟ್ಟಿಯನ್ನು ಕಿತ್ತುಹಾಕಿ ಜಿಂಕೆಯ ಬೇಟೆಗೆ ಒಗ್ಗಿಸಿಕೊಂಡರು. ಆ ಕಾಲದ ಲೆಕ್ಕದಲ್ಲಿ ಅದು ಕೋವಿಯ ಬೆಲೆ ಏರಿಸುವ ಸುಧಾರಣೆ. ಇಂದಿನ ಲೆಕ್ಕದಲ್ಲಿ ಅದೇ ಗರಗಸದ ಗುರುತು ಬೆಲೆಯ ಬಹುಪಾಲನ್ನು ನುಂಗಿಬಿಡುತ್ತದೆ; ಕತ್ತರಿಸಿದ ಮರ, ಕಬ್ಬಿಣದ ಬಿಡಿಭಾಗಗಳನ್ನು ಹುಡುಕಿ ತಂದು ಮತ್ತೆ ಜೋಡಿಸುವ ಖರ್ಚು ಹಲವು ಸಲ ಪೂರ್ಣ ಕೋವಿಯ ಬೆಲೆಯನ್ನೂ ಮೀರುತ್ತದೆ.

1963ರ ಮಾರ್ಚ್‌ನಲ್ಲಿ ಷಿಕಾಗೋದ ಒಂದು ಅಂಗಡಿಯಿಂದ ದೂರದರ್ಶಕ ಸಮೇತ 19.95 ಡಾಲರಿಗೆ ಇಟಲಿಯ ಸೇನೆಯ ಕಾರ್ಕಾನೊ ರೈಫಲ್ ಒಂದು ಅಂಚೆಯಲ್ಲಿ ಹೋಯಿತು. ಕೊಂಡವನು ಲೀ ಹಾರ್ವೆ ಆಸ್ವಾಲ್ಡ್. ನವೆಂಬರಿನಲ್ಲಿ ಅಧ್ಯಕ್ಷ ಕೆನಡಿಯ ಹತ್ಯೆಯಾಯಿತು. ಆ ಒಂದು ಕೋವಿ ಈ ಪೇಟೆಯ ಇತಿಹಾಸವನ್ನು ಎರಡು ರೀತಿಯಲ್ಲಿ ಬದಲಿಸಿತು. ಮೊದಲನೆಯದು ಕಾನೂನಿನದು: 1968ರ ಬಂದೂಕು ನಿಯಂತ್ರಣ ಕಾಯ್ದೆ ಅಂಚೆ ಮಾರಾಟವನ್ನೂ ವಿದೇಶಿ ಸೇನಾ ಕೋವಿಗಳ ಆಮದನ್ನೂ ನಿಲ್ಲಿಸಿತು, ಸಂಗ್ರಹಯೋಗ್ಯ ಹಳೆಯ ಕೋವಿಗಳಿಗೆ ಬಾಗಿಲು ಮತ್ತೆ ತೆರೆದದ್ದು 1980ರ ದಶಕದ ನಡುವಿನಲ್ಲಿ. ಎರಡನೆಯದು ಬೆಲೆಯದು: ಒಬ್ಬ ತೈಲ ವ್ಯಾಪಾರಿ ಆಸ್ವಾಲ್ಡನ ಹೆಂಡತಿಗೆ ಮುಂಗಡವಾಗಿಯೇ 10,000 ಡಾಲರ್ ಕೊಟ್ಟು ಆ ಕೋವಿಯ ಹಕ್ಕು ಕೊಂಡ. ಸರ್ಕಾರ ಅದನ್ನು ಸಾಕ್ಷ್ಯವೆಂದು ತನ್ನಲ್ಲೇ ಉಳಿಸಿಕೊಂಡಾಗ ನ್ಯಾಯಾಲಯದಲ್ಲಿ ಹೋರಾಡಿದ. ಇಪ್ಪತ್ತು ಡಾಲರಿನ ಕಬ್ಬಿಣ ಹಾಗೇ ಇತ್ತು. ಸಾವಿರಾರು ಡಾಲರ್ ಬಂದು ಕೂತದ್ದು ಅದರ ಚರಿತ್ರೆಯ ಮೇಲೆ. ಕೋವಿ ಇಂದಿಗೂ ಅಮೆರಿಕದ ರಾಷ್ಟ್ರೀಯ ಪತ್ರಾಗಾರದಲ್ಲಿದೆ.

ಮೈಬಣ್ಣ ಅಳೆಯುವವರು

ಸಂಗ್ರಹ ಹವ್ಯಾಸ ಬೆಳೆದಂತೆ ಬೆಲೆಗೊಂದು ಅಳತೆಗೋಲು ಬೇಕಾಯಿತು. 1977ರಲ್ಲಿ ನಾರ್ಮ್ ಫ್ಲೇಡರ್‌ಮನ್‌ನ ಪುರಾತನ ಅಮೆರಿಕನ್ ಕೋವಿಗಳ ಕೈಪಿಡಿ ಬಂತು; 1980ರ ದಶಕದ ಆರಂಭದಿಂದ ‘ಬ್ಲೂ ಬುಕ್’ ಎಂಬ ಬೆಲೆಪಟ್ಟಿ ನಿಯಮಿತವಾಗಿ ಬರತೊಡಗಿತು. ಈ ಪಂಥದ ಆಧಾರ ಸರಳ: ಕಾರ್ಖಾನೆಯಿಂದ ಹೊರಬಂದಾಗ ಲೋಹದ ಮೇಲಿದ್ದ ನೀಲಿಗಪ್ಪು ಲೇಪ ಶೇಕಡ ಎಷ್ಟು ಉಳಿದಿದೆ? ಶೇ. 98, 95, 90 ಎಂದು ಮೆಟ್ಟಿಲು ಇಳಿದಂತೆ ಬೆಲೆಯೂ ಇಳಿಯುತ್ತದೆ. ನಳಿಕೆಯ ಒಳಗಿನ ಸುರುಳಿ ಗೀರುಗಳು ಚೂಪಾಗಿವೆಯೇ, ತುಕ್ಕು ಕೊರೆದು ಗುಳಿ ಬಿದ್ದಿದೆಯೇ, ಮರ ಬಿರಿದಿದೆಯೇ ಎಂಬುದೂ ಲೆಕ್ಕಕ್ಕೆ ಬರುತ್ತದೆ.

ಬೇಟೆಯ ಕೋವಿಗಳಿಗೆ ಈ ಅಳತೆ ಚೆನ್ನಾಗಿ ಒಪ್ಪುತ್ತದೆ. ಸೇನೆಯ ಕೋವಿಗೆ ಅಷ್ಟಾಗಿ ಒಪ್ಪದು. ಕಂದಕದಲ್ಲಿ ಮಳೆಗೆ ನೆನೆದು ಬಂದ ರೈಫಲ್‌ಗಿಂತ ಪೆಟ್ಟಿಗೆ ಬಿಟ್ಟು ಹೊರಬರದ ರೈಫಲ್‌ಗೆ ಇದು ಹೆಚ್ಚು ಅಂಕ ಕೊಡುತ್ತದೆ. ಹೊಸದಾಗಿ ಬಣ್ಣ ಬಳಿದದ್ದಕ್ಕೂ ಉಳಿದುಬಂದ ಬಣ್ಣಕ್ಕೂ ಇರುವ ವ್ಯತ್ಯಾಸವನ್ನು ಪಟ್ಟಿಯ ಶೇಕಡಾವಾರು ಹೇಳುವುದಿಲ್ಲ; ಅದನ್ನು ಕಾಣಲು ಪಳಗಿದ ಕಣ್ಣೇ ಬೇಕು.

ಮೂಲರೂಪದ ವಾದ

ಇನ್ನೊಂದು ಪಂಥ ಕೇಳುವುದೇ ಬೇರೆ. ಈ ಕೋವಿಯ ಭಾಗಗಳು ಹುಟ್ಟಿದಾಗಿನಿಂದ ಒಟ್ಟಿಗೇ ಇವೆಯೇ? ಜರ್ಮನಿಯ ಕಾರ್-98ಕೆ ರೈಫಲ್‌ನಲ್ಲಿ ನಳಿಕೆ, ಬೋಲ್ಟ್, ಮರ ಮಾತ್ರವಲ್ಲದೆ ಸಣ್ಣ ಪಟ್ಟಿಗಳ ಮೇಲೂ ಒಂದೇ ಸಂಖ್ಯೆಯ ಅಂಕಿಗಳನ್ನು ಒತ್ತುತ್ತಿದ್ದರು. ಎಲ್ಲ ಸಂಖ್ಯೆಯೂ ಹೊಂದುವ ಕೋವಿಗೂ ಬೋಲ್ಟ್ ಒಂದು ಬದಲಾದ ಕೋವಿಗೂ ಬೆಲೆಯಲ್ಲಿ ಅಜಗಜಾಂತರ.

ಸೋವಿಯತ್ ಸೇನೆ ವಶಪಡಿಸಿಕೊಂಡ ಕಾರ್-98ಕೆಗಳ ಕಥೆ ಇಲ್ಲಿ ಬಹಳ ಕಲಿಸುತ್ತದೆ. ಅವನ್ನು ರಾಶಿಯಾಗಿ ಬಿಚ್ಚಿ, ಲೋಹಕ್ಕೆ ಹೊಸ ಕಪ್ಪು ಲೇಪ ಹಚ್ಚಿ, ಮರಕ್ಕೆ ಹೊಳೆಯುವ ಅರಗು ಬಳಿದು, ಕೈಗೆ ಸಿಕ್ಕ ಬೋಲ್ಟ್ ಜೋಡಿಸಿ, ಅದರ ಮೇಲೆ ವಿದ್ಯುತ್ ಸೂಜಿಯಿಂದ ಕೋವಿಯ ಸಂಖ್ಯೆಯನ್ನು ಗೀಚಿ ಉಗ್ರಾಣದಲ್ಲಿ ಇಟ್ಟರು. ದಶಕಗಳ ನಂತರ ಅವು ಪಶ್ಚಿಮದ ಪೇಟೆಗೆ ಬಂದಾಗ ಮೈಬಣ್ಣದ ಪಂಥದ ಪ್ರಕಾರ ಅತ್ಯುತ್ತಮ, ಮೂಲರೂಪದ ಪಂಥದ ಪ್ರಕಾರ ಬೆರಕೆ. ಬೆಲೆ ಮೂಲರೂಪದವರ ಮಾತನ್ನೇ ಕೇಳಿತು. ಆದರೂ ಮೂರನೆಯ ವಾದ ಒಂದಿದೆ, ನನಗೆ ಅದರಲ್ಲಿ ಸತ್ವ ಕಾಣುತ್ತದೆ: ಆ ಗೀಚಿದ ಸಂಖ್ಯೆಯೂ ಚರಿತ್ರೆಯೇ. ಗೆದ್ದ ಸೈನ್ಯವೊಂದು ಸೋತವರ ಶಸ್ತ್ರವನ್ನು ಮುಂದಿನ ಯುದ್ಧಕ್ಕೆಂದು ಕಾಪಿಟ್ಟ ಬಗೆಗೆ ಅದು ಸಾಕ್ಷಿ. ಬ್ರಿಟಿಷ್ ಕಾರ್ಖಾನೆಗಳು ಸಂಪೂರ್ಣ ದುರಸ್ತಿ ಮಾಡಿದ ಲೀ-ಎನ್‌ಫೀಲ್ಡ್‌ಗಳ ಮೇಲೆ ‘ಎಫ್‌ಟಿಆರ್’ ಎಂಬ ಮುದ್ರೆಯನ್ನೂ ವರ್ಷವನ್ನೂ ಒತ್ತುತ್ತಿದ್ದವು. ಸೈನ್ಯವೇ ಮಾಡಿದ ದುರಸ್ತಿ ಕಳಂಕವಲ್ಲ, ಸೇವಾ ದಾಖಲೆ ಎಂದು ಇಂಥ ಕೋವಿಗಳ ಪ್ರೇಮಿಗಳು ವಾದಿಸುತ್ತಾರೆ.

ಅಮೆರಿಕದ ಎಂ-1 ಗರಾಂಡ್ ರೈಫಲ್‌ನಲ್ಲಿ ಈ ಜಗಳ ಇನ್ನೂ ಕಾವೇರಿದೆ. 1936ರಲ್ಲಿ ಸೇನೆ ಒಪ್ಪಿಕೊಂಡ ಈ ಕೋವಿ 50 ಲಕ್ಷಕ್ಕೂ ಮೀರಿ ತಯಾರಾಯಿತು. ಸೇನೆಯ ಕಾರ್ಯಾಗಾರಗಳಲ್ಲಿ ಬಿಡಿಭಾಗಗಳು ಒಂದರಿಂದ ಇನ್ನೊಂದಕ್ಕೆ ಧಾರಾಳವಾಗಿ ಹೋದವು. ಅದರಲ್ಲಿ ಎಲ್ಲ ಭಾಗಕ್ಕೂ ಒಂದೇ ಸಂಖ್ಯೆ ಒತ್ತುವ ಪದ್ಧತಿಯೇ ಇರಲಿಲ್ಲ. ಆದರೆ ಮುಖ್ಯ ಭಾಗಗಳ ಮೇಲೆ ಅವುಗಳ ನಕ್ಷೆಯ ಸಂಖ್ಯೆ ಇರುವುದರಿಂದ ಯಾವ ತಿಂಗಳ ಕೋವಿಗೆ ಯಾವ ಭಾಗ ಸರಿ ಎಂದು ತಜ್ಞರು ಹೇಳಬಲ್ಲರು. ಇದರಿಂದ ಒಂದು ಪರಿಪಾಠ ಹುಟ್ಟಿತು: ಪೇಟೆಯಲ್ಲಿ ‘ಸರಿಯಾದ’ ಭಾಗಗಳನ್ನು ಹುಡುಕಿ ಕೊಂಡು ಕೋವಿಯನ್ನು ‘ಸರಿಪಡಿಸುವುದು’. ಸರ್ಕಾರದ ಹಳೆಯ ರೈಫಲ್‌ಗಳನ್ನು ನಾಗರಿಕರಿಗೆ ಮಾರುವ ಸಿವಿಲಿಯನ್ ಮಾರ್ಕ್ಸ್‌ಮನ್‌ಶಿಪ್ ಪ್ರೋಗ್ರಾಂ ಸಂಸ್ಥೆಯ ದರ್ಜೆಗಳಲ್ಲೂ ‘ಕರೆಕ್ಟ್’ ಎಂಬುದೊಂದಿದೆ. ಹೀಗೆ ಜೋಡಿಸಿದ ಕೋವಿಯನ್ನು ಜೋಡಿಸಿದ್ದೆಂದು ಹೇಳಿಯೇ ಮಾರಿದರೆ ಯಾರದೂ ತಕರಾರಿಲ್ಲ. ಎರಡು ಕೈ ದಾಟಿದ ಮೇಲೆ ಆ ಮಾತು ಕಳಚಿಹೋಗಿ, 1943ರಿಂದ ಮುಟ್ಟದೇ ಉಳಿದ ಕೋವಿ ಎಂದು ಮಾರಾಟವಾಗುವುದೇ ಅಪಾಯ. ಕೋವಿಯ ಮೈಮೇಲಿನ ಸಾಕ್ಷ್ಯವನ್ನು ಒಂದು ಸಲ ಕಲಸಿದರೆ ಮತ್ತೆ ಬೇರ್ಪಡಿಸಲು ಬರುವುದಿಲ್ಲ. ಆದ್ದರಿಂದ ಈ ‘ಸರಿಪಡಿಸುವ’ ಕೆಲಸವನ್ನು ನಾನು ಸಂರಕ್ಷಣೆ ಎಂದು ಒಪ್ಪಲಾರೆ.

ಚರಿತ್ರೆಗೆ ಕೊಡುವ ಬೆಲೆ

ಮೂರನೆಯ ಪಂಥ ಕೋವಿ ಯಾರ ಕೈಯಲ್ಲಿತ್ತು, ಎಲ್ಲಿಂದ ಬಂತು ಎಂದು ಕೇಳುತ್ತದೆ. ಅಧ್ಯಕ್ಷ ಕೆನಡಿ 1959ರಲ್ಲಿ, ಸೆನೆಟರ್ ಆಗಿದ್ದಾಗ, ಸರ್ಕಾರಿ ಯೋಜನೆಯ ಮೂಲಕ ಸ್ವತಃ ಒಂದು ಗರಾಂಡ್ ಕೊಂಡಿದ್ದರು. 2015ರಲ್ಲಿ ರಾಕ್ ಐಲೆಂಡ್ ಹರಾಜು ಕಂಪನಿಯಲ್ಲಿ ಅದು 1,49,500 ಡಾಲರಿಗೆ ಹೋಯಿತು. ಅಂಥದೇ ಇನ್ನೊಂದು ಗರಾಂಡ್ ಅದರ ಸಣ್ಣ ಒಂದು ಪಾಲಿಗೆ ಸಿಗುತ್ತಿತ್ತು.

ಹೆಸರುವಾಸಿಗಳ ಕೋವಿಗಿಂತ ಹೆಸರಿಲ್ಲದ ಸಿಪಾಯಿಯ ಕೋವಿಯಲ್ಲಿ ಈ ಪಂಥ ಹೆಚ್ಚು ಕುತೂಹಲದ್ದಾಗುತ್ತದೆ. ಜಪಾನಿನ ಅರಿಸಾಕಾ ರೈಫಲ್‌ನ ನಳಿಕೆಯ ಬುಡದಲ್ಲಿ ಹದಿನಾರು ಎಸಳಿನ ಸೇವಂತಿಗೆ ಹೂವಿನ ಮುದ್ರೆ ಇರುತ್ತದೆ. ಅದು ಚಕ್ರವರ್ತಿಯ ಲಾಂಛನ. ಶರಣಾಗತಿಯಲ್ಲಿ ಒಪ್ಪಿಸಿದ ಬಹುಪಾಲು ಕೋವಿಗಳಲ್ಲಿ ಆ ಹೂವನ್ನು ಅರದಿಂದ ಉಜ್ಜಿ ಅಳಿಸಿದ್ದಾರೆ. ಹೂವು ಇಡಿಯಾಗಿ ಉಳಿದಿದ್ದರೆ ರಣರಂಗದಲ್ಲೇ ಸಿಕ್ಕಿದ್ದಿರಬಹುದು ಎಂಬ ಊಹೆಗೆ ಬಲ ಬರುತ್ತದೆ, ಬೆಲೆಯೂ ಏರುತ್ತದೆ. ಅಳಿಸಲು ಆದೇಶ ಕೊಟ್ಟವರು ಜಪಾನಿನವರೋ ಅಮೆರಿಕದವರೋ ಎಂಬುದು ಇಂದಿಗೂ ಚರ್ಚೆಯಲ್ಲಿದೆ. ಹಾಗೆಯೇ ಮನೆಗೆ ಮರಳುವ ಅಮೆರಿಕನ್ ಸೈನಿಕ ತನ್ನ ಚೀಲಕ್ಕೆ ಹಿಡಿಸಲೆಂದು ಕೋವಿಯ ಮುಂಭಾಗದ ಮರವನ್ನು ಪಟ್ಟಿಯ ಅಡಿಯಲ್ಲಿ ಅಡ್ಡ ಕೊಯ್ದಿರುತ್ತಾನೆ. ಮೈಬಣ್ಣದ ಪಂಥಕ್ಕೆ ಅದು ದೋಷ. ಚರಿತ್ರೆಯ ಪಂಥಕ್ಕೆ ಅದು, ಈ ಕೋವಿ ಆಮದುದಾರನ ಹಡಗಿನಲ್ಲಿ ಬರಲಿಲ್ಲ, ಸೈನಿಕನೊಬ್ಬನ ಹೆಗಲ ಮೇಲೆ ಬಂತು ಎನ್ನುವ ಸಾಕ್ಷಿ. ಜೊತೆಗೆ ಮೇಲಧಿಕಾರಿ ಸಹಿ ಮಾಡಿದ ವಶಪತ್ರ ಇದ್ದು, ಅದರಲ್ಲಿ ಕೋವಿಯ ಸಂಖ್ಯೆಯೂ ನಮೂದಾಗಿದ್ದರೆ ಬೆಲೆ ಇನ್ನಷ್ಟು ಮೇಲಕ್ಕೆ ಹೋಗುತ್ತದೆ.

ಕಾಗದವಿಲ್ಲದ ಕಥೆಗೆ ಮಾತ್ರ ಹಣ ಕೊಡಬಾರದು. ಕಥೆಯನ್ನಲ್ಲ, ಕೋವಿಯನ್ನು ಕೊಳ್ಳಿ ಎಂಬುದು ಸಂಗ್ರಾಹಕರಲ್ಲಿ ರೂಢಿಯ ಮಾತು.

ಪೇಟೆ ಹೇಳಿದ್ದೇ ಬೆಲೆ ಎನ್ನುವವರು

ಹರಾಜುದಾರರೂ ಹೆಚ್ಚಿನ ವ್ಯಾಪಾರಿಗಳೂ ಇನ್ನೂ ನೇರವಾಗಿ ಮಾತಾಡುತ್ತಾರೆ: ಇತ್ತೀಚೆಗೆ ಇಂಥದೇ ಕೋವಿ ಎಷ್ಟಕ್ಕೆ ಹೋಯಿತೋ ಅದೇ ಬೆಲೆ. ಮಾರುವವರು ಕೇಳಿದ ಬೆಲೆಯಲ್ಲ, ಕೊಂಡವರು ಕೊಟ್ಟ ಬೆಲೆ. ಹರಾಜುಕಟ್ಟೆಯ ಕಮಿಷನ್ ಸೇರಿದೆಯೋ ಇಲ್ಲವೋ ನೋಡಿಕೊಳ್ಳಬೇಕು, ಅದೇ ಶೇ. 15ರಿಂದ 25ರವರೆಗೆ ವ್ಯತ್ಯಾಸ ತರಬಲ್ಲದು. ಅರ್ಥಶಾಸ್ತ್ರದಲ್ಲಿ ಷೆರ್ವಿನ್ ರೋಸೆನ್ 1974ರಲ್ಲಿ ರೂಪಿಸಿದ ವಿಧಾನ ಇದಕ್ಕೆ ಶಾಸ್ತ್ರೀಯ ಅಡಿಪಾಯ: ವಸ್ತುವಿನ ಬೆಲೆಯನ್ನು ಅದರ ಗುಣಗಳಾಗಿ ಒಡೆದು, ಪ್ರತಿ ಗುಣಕ್ಕೆ ಪೇಟೆ ಎಷ್ಟು ಕೊಡುತ್ತಿದೆ ಎಂದು ಲೆಕ್ಕ ಹಾಕುವುದು. ಕಾರ್ಖಾನೆ, ವರ್ಷ, ಹೊಂದುವ ಸಂಖ್ಯೆ, ಆಮದು ಮುದ್ರೆ, ಪ್ರತಿಯೊಂದಕ್ಕೂ ಒಂದು ಬೆಲೆ.

ಈ ಪಂಥ ಚೆನ್ನಾಗಿ ವಿವರಿಸುವುದು ಪೂರೈಕೆಯ ಏರಿಳಿತವನ್ನು. 2000ರ ದಶಕದಲ್ಲಿ ಮೋಸಿನ್-ನಾಗಾಂತ್ ಅಮೆರಿಕದಲ್ಲಿ ನೂರು ಡಾಲರಿಗಿಂತ ಕಡಿಮೆಗೆ ಪೆಟ್ಟಿಗೆಗಟ್ಟಲೆ ಸಿಗುತ್ತಿತ್ತು. ಪೂರ್ವ ಯುರೋಪಿನ ಉಗ್ರಾಣಗಳು ಬರಿದಾದಂತೆ ಅದೇ ಕೋವಿ ಹಲವು ಪಟ್ಟು ದುಬಾರಿಯಾಯಿತು. ಕೋವಿ ಬದಲಾಗಿರಲಿಲ್ಲ.

ನಮ್ಮ ನೆರೆಯ ಕಠ್ಮಂಡುವಿನ ಪ್ರಕರಣ ಇದಕ್ಕೂ ದೊಡ್ಡದು. ಅಲ್ಲಿನ ಲಗನ್ ಸಿಲೇಖಾನ ಅರಮನೆಯಲ್ಲಿ ನೇಪಾಳದ ಸೇನೆ ಒಂದೂವರೆ ಶತಮಾನದ ಕೋವಿಗಳನ್ನು ಕೂಡಿಟ್ಟಿತ್ತು. 2003ರಲ್ಲಿ ಅಮೆರಿಕದ ಎರಡು ಕಂಪನಿಗಳು ಸೇರಿ ಆ ಇಡೀ ಸಂಗ್ರಹವನ್ನು, 50,000ಕ್ಕೂ ಹೆಚ್ಚು ಕೋವಿಗಳನ್ನು, ಕೊಂಡವು. ಬ್ರೌನ್ ಬೆಸ್, ಬ್ರನ್ಸ್‌ವಿಕ್, ಮಾರ್ಟಿನಿ-ಹೆನ್ರಿ, ನೇಪಾಳವೇ ರೂಪಿಸಿದ ಗಹೇಂದ್ರ ರೈಫಲ್ ಎಲ್ಲವೂ ಅದರಲ್ಲಿದ್ದವು. ಹಿಂದೆ ಹುಡುಕಿ ಕೊಳ್ಳಬೇಕಿದ್ದ ಮಾರ್ಟಿನಿ-ಹೆನ್ರಿ ಸಾಧಾರಣ ಸಂಗ್ರಾಹಕನ ಕೈಗೂ ಎಟುಕಿತು. ಶತಮಾನದ ಜಿಡ್ಡು ಸಮೇತ ಇದ್ದ ಹಾಗೇ ಒಂದು ಬೆಲೆ, ತೊಳೆದು ಜೋಡಿಸಿ ಕೊಟ್ಟದ್ದಕ್ಕೆ ಇನ್ನೊಂದು ಬೆಲೆ ಇಟ್ಟರು. ಉಗ್ರಾಣ ಒಂದೊಂದಾಗಿ ಬಯಲಾಗುವ ಪೇಟೆಯಲ್ಲಿ ‘ಅಪರೂಪ’ ಎಂಬ ಮಾತಿಗೆ ಎಷ್ಟು ಕೊಡಬೇಕು ಎಂದು ಇದನ್ನು ಕಂಡವರು ಯೋಚಿಸಲೇಬೇಕು.

ಪೇಟೆಯ ಪಂಥದ ದೌರ್ಬಲ್ಯವನ್ನೂ ಅರ್ಥಶಾಸ್ತ್ರಜ್ಞರೇ ತೋರಿಸಿದ್ದಾರೆ. ಕಲಾಕೃತಿಗಳಂಥ ವಸ್ತುಗಳ ಬೆಲೆಗೆ ಲಂಗರು ಹಾಕುವ ನೆಲವೇ ಇಲ್ಲ ಎಂದು ವಿಲಿಯಂ ಬೌಮಾಲ್ 1986ರಲ್ಲಿ ವಾದಿಸಿದರು. ಮಾರುವವನಿಗೆ ತಿಳಿದದ್ದು ಕೊಳ್ಳುವವನಿಗೆ ತಿಳಿಯದಿದ್ದರೆ ಒಳ್ಳೆಯ ವಸ್ತುಗಳೇ ಪೇಟೆಯಿಂದ ಹಿಂದೆ ಸರಿಯುತ್ತವೆ ಎಂದು ಜಾರ್ಜ್ ಆಕರ್‌ಲಾಫ್ 1970ರಲ್ಲಿ ಹಳೆಯ ಕಾರುಗಳ ಉದಾಹರಣೆಯಿಂದ ತೋರಿಸಿದರು. ಹಳೆಯ ಕೋವಿಗೆ ಅವರ ಮಾತು ಕಾರಿಗಿಂತ ಹೆಚ್ಚು ಅನ್ವಯಿಸುತ್ತದೆ.

ನಕಲಿಯ ನೆರಳು

ಏಕೆಂದರೆ ಇಲ್ಲಿ ನಕಲಿಯೇ ಒಂದು ಉದ್ಯಮ. ಪೆಶಾವರದ ದಕ್ಷಿಣಕ್ಕಿರುವ ದರ್ರಾ ಆದಂ ಖೇಲ್‌ನ ಕುಶಲಕರ್ಮಿಗಳು ತಲೆಮಾರುಗಳಿಂದ ಮಾರ್ಟಿನಿ-ಹೆನ್ರಿ, ಲೀ-ಎನ್‌ಫೀಲ್ಡ್‌ಗಳನ್ನು ಕೈಯಿಂದಲೇ ತಯಾರಿಸುತ್ತ ಬಂದಿದ್ದಾರೆ. ಅಫ್ಘಾನಿಸ್ತಾನಕ್ಕೆ ಹೋದ ವಿದೇಶಿ ಸೈನಿಕರು ನೆನಪಿಗೆಂದು ಕೊಂಡು ತಂದ ಕೋವಿಗಳಲ್ಲಿ ಇವು ಧಾರಾಳವಾಗಿವೆ. ಲೀ-ಎನ್‌ಫೀಲ್ಡ್ ಕೈಗೆ ಬಂದರೆ ಬೋಲ್ಟ್‌ನ ಹಿಡಿಕೆಯ ಕೆಳಗಿರುವ ಲೋಹದ ಕಟ್ಟನ್ನು ನೋಡಬೇಕು. ಕಿರೀಟ, ಅದರಡಿ ರಾಜನ ಅಕ್ಷರ, ಕಾರ್ಖಾನೆ, ವರ್ಷ, ಮಾದರಿ ಎಲ್ಲ ಅಲ್ಲಿರುತ್ತವೆ. ವಿಕ್ಟೋರಿಯಾ ರಾಣಿ ತೀರಿಕೊಂಡದ್ದು 1901ರಲ್ಲಿ. ‘ವಿ.ಆರ್.’ ಎಂಬ ಅಕ್ಷರದ ಕೆಳಗೆ 1911 ಎಂದಿದ್ದರೆ ಅದು ದರ್ರಾದಂಥ ಕಡೆಯ ನಕಲು. ಇಂಗ್ಲಿಷ್ ಅಕ್ಷರಗಳು ತಿರುಗುಮುರುಗಾಗಿದ್ದರೂ ಅಷ್ಟೇ.

ಇದಕ್ಕಿಂತ ಸೂಕ್ಷ್ಮವಾದದ್ದು ಅಸಲಿ ಕೋವಿಯ ಮೇಲಿನ ನಕಲಿ ಗುರುತು. ಲೀ-ಎನ್‌ಫೀಲ್ಡ್ ನಂ. 4ರಲ್ಲಿ ಗುರಿ ಚೆನ್ನಾಗಿದ್ದವನ್ನು ಆರಿಸಿ, ಬಹುಪಾಲನ್ನು ಲಂಡನ್ನಿನ ಹಾಲೆಂಡ್ ಅಂಡ್ ಹಾಲೆಂಡ್ ಕಂಪನಿಗೆ ಕಳಿಸಿ, ದೂರದರ್ಶಕ ಕೂರಿಸಿ ಸ್ನೈಪರ್ ರೈಫಲ್ ಮಾಡಲಾಗುತ್ತಿತ್ತು. ಬೆಲೆ ಸಾಮಾನ್ಯ ನಂ. 4ರ ಹಲವು ಪಟ್ಟು. ಅಸಲಿಯಲ್ಲಿ ಎಡಬದಿಯ ಲೋಹದ ಮೇಲೆ ‘ಟಿ’ ಮತ್ತು ‘ಟಿಆರ್’, ಹಿಡಿಯ ಅಡಿಯಲ್ಲಿ ‘ಎಸ್51’, ಕೈಹಿಡಿಯುವ ಕುತ್ತಿಗೆಯ ಮೇಲೆ ದೂರದರ್ಶಕದ ಸಂಖ್ಯೆ, ದೂರದರ್ಶಕದ ಕಟ್ಟಿನ ಮೇಲೆ ಕೋವಿಯ ಸಂಖ್ಯೆ ಇರುತ್ತವೆ. ಒಂದು ಮುದ್ರೆಯನ್ನು ನಕಲು ಮಾಡುವುದು ಸುಲಭ. ಒಂದಕ್ಕೊಂದು ಸಾಕ್ಷಿ ಹೇಳುವ ಐದು ಗುರುತುಗಳನ್ನು ವಯಸ್ಸು, ಅಕ್ಷರದ ಆಕಾರ, ಸವೆತ ಎಲ್ಲ ಹೊಂದುವಂತೆ ನಕಲು ಮಾಡುವುದು ಕಷ್ಟ. ಇಲ್ಲಿ ಮೊದಲ ಮೂರು ಪಂಥಗಳೂ ಒಂದಾಗುತ್ತವೆ. ಮೈಬಣ್ಣವಾಗಲಿ, ಸಂಖ್ಯೆಯಾಗಲಿ, ಕಾಗದವಾಗಲಿ ಬೆಲೆ ತರುವುದು ಸಾಕ್ಷ್ಯವಾಗಿ. ಎಷ್ಟನ್ನು ಪರೀಕ್ಷಿಸಿ ನೋಡಬಹುದೋ ಅಷ್ಟಕ್ಕೆ ಮಾತ್ರ ಹಣ ಕೊಡುವುದು ನ್ಯಾಯ ಎಂಬುದು ನನ್ನ ನಿಲುವು. ಅಮೆರಿಕದ ತೆರಿಗೆ ಕಾನೂನು ನ್ಯಾಯವಾದ ಪೇಟೆ ಬೆಲೆಯನ್ನು ವಿವರಿಸುವಾಗಲೂ ಕೊಳ್ಳುವವನು, ಮಾರುವವನು ಇಬ್ಬರೂ ಒತ್ತಾಯಕ್ಕೆ ಸಿಲುಕದೆ, ಸಂಬಂಧಪಟ್ಟ ಸಂಗತಿಗಳನ್ನು ತಿಳಿದಿರಬೇಕು ಎನ್ನುತ್ತದೆ. ತಿಳಿದಿರಬೇಕು ಎಂಬ ಆ ಷರತ್ತೇ ಮುಖ್ಯ.

ಇಶಾಪುರ, ಕೊಡಗು, ನಮ್ಮ ಕಾನೂನು

ಬಂಗಾಳದ ಇಶಾಪುರದ ಕಾರ್ಖಾನೆ ಲೀ-ಎನ್‌ಫೀಲ್ಡ್ ಮಾದರಿಯನ್ನು ಸ್ವಾತಂತ್ರ್ಯದ ನಂತರವೂ ಬೆಳೆಸಿತು. ಚೀನಾ ಯುದ್ಧದ ಹೊತ್ತಿನಲ್ಲಿ ಹೊಸ ಉಕ್ಕಿನಿಂದ, 7.62 ಮಿ.ಮೀ. ತೋಟಾಕ್ಕೆಂದು 2ಎ ಮತ್ತು ನಂತರ 2ಎ1 ಮಾದರಿಗಳನ್ನು ತಯಾರಿಸಿತು. ಹನ್ನೆರಡು ತೋಟಾದ ಚೌಕಾಕಾರದ ಮ್ಯಾಗಜೀನ್ ಅದರ ಗುರುತು. ಅದು ಅಮೆರಿಕದ ಪೇಟೆಯಲ್ಲಿ ದೀರ್ಘಕಾಲ ಅಗ್ಗದ ಸಾಲಿನಲ್ಲೇ ಉಳಿಯಿತು. ಮಹಾಯುದ್ಧ ಕಾಣದ ಕೋವಿಗೆ ಚರಿತ್ರೆ ಇಲ್ಲವೆಂಬ ಭಾವನೆ ಅದಕ್ಕೆ ಒಂದು ಕಾರಣ. ಚರಿತ್ರೆಯ ಪಂಥ ಯಾರ ಚರಿತ್ರೆಗೆ ಬೆಲೆ ಕಟ್ಟುತ್ತಿದೆ ಎಂದು ಭಾರತೀಯ ಓದುಗರು ಕೇಳಬೇಕಾದ್ದು ಇಲ್ಲೇ.

ಭಾರತದಲ್ಲಿ ಇಂಥ ಕೋವಿಗೆ ಮುಕ್ತ ಪೇಟೆಯೇ ಇಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ ವ್ಯವಸ್ಥೆಯಲ್ಲಿ .303 ನಿಷೇಧಿತ ಅಳತೆಯದು. 2019ರ ತಿದ್ದುಪಡಿ ಒಬ್ಬರು ಇಟ್ಟುಕೊಳ್ಳಬಹುದಾದ ಕೋವಿಗಳನ್ನು ಮೂರರಿಂದ ಎರಡಕ್ಕೆ ಇಳಿಸಿತು. ದುರಸ್ತಿ ಮಾಡಿದರೂ ಹಾರಿಸಲಾಗದ ಪುರಾತನ ಆಯುಧಕ್ಕೆ ಕಾಯ್ದೆಯ 45ನೇ ಕಲಂನಲ್ಲಿ ವಿನಾಯಿತಿ ಇದೆ. ನೂರು ವರ್ಷ ದಾಟಿದ ಐತಿಹಾಸಿಕ ಮಹತ್ವದ ವಸ್ತುವನ್ನು 1972ರ ಪುರಾತನ ವಸ್ತುಗಳ ಕಾಯ್ದೆ ತನ್ನ ವ್ಯಾಪ್ತಿಗೆ ತರುತ್ತದೆ, ರಫ್ತನ್ನು ತಡೆಯುತ್ತದೆ.

ಕೊಡಗಿನಲ್ಲಿ ಪ್ರಶ್ನೆ ಇನ್ನೊಂದು ರೂಪ ತಾಳುತ್ತದೆ. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೂ ಪರವಾನಗಿಯಿಂದ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ. ಕರ್ನಾಟಕ ಹೈಕೋರ್ಟ್ 2021ರಲ್ಲಿ ಅದನ್ನು ಎತ್ತಿಹಿಡಿಯಿತು. ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂ ಮುಡಿಸಿ ಪೂಜಿಸುವ, ಗಂಡು ಮಗು ಹುಟ್ಟಿದರೆ ಒಂದು ಗುಂಡು, ಮನೆಯವರು ತೀರಿಕೊಂಡರೆ ಎರಡು ಗುಂಡು ಹಾರಿಸಿ ಊರಿಗೆ ತಿಳಿಸುವ ಐನ್‌ಮನೆ ಎಂಬ ಕುಲದ ಮನೆಯಲ್ಲಿ ಅಜ್ಜನ ಕೋವಿಗೆ ಬೆಲೆಪಟ್ಟಿ ಬೇಕಿಲ್ಲ. ಅದು ಮಾರುವ ವಸ್ತುವೇ ಅಲ್ಲ. ಅದರ ಮೌಲ್ಯವನ್ನು ಮೇಲಿನ ಯಾವ ಪಂಥವೂ ಅಳೆಯಲಾರದು, ಅಳೆಯಬೇಕಾಗಿಯೂ ಇಲ್ಲ.

ಇನ್ನೂ ಇತ್ಯರ್ಥವಾಗದ್ದು

ಸೈನ್ಯವೇ ಮಾಡಿದ ದುರಸ್ತಿಗೂ ಹವ್ಯಾಸಿ ಮಾಡಿದ ‘ಸರಿಪಡಿಸುವಿಕೆ’ಗೂ ನಡುವಿನ ಗೆರೆ ಎಲ್ಲಿ ಎಳೆಯಬೇಕು ಎಂಬುದರಲ್ಲಿ ಒಮ್ಮತ ಬಂದಿಲ್ಲ. ಕಾನೂನೇ ಸೃಷ್ಟಿಸಿದ ಕೊರತೆಯಿಂದ ಏರಿದ ಬೆಲೆಯನ್ನು ಆ ವಸ್ತುವಿನ ಮೌಲ್ಯವೆನ್ನಬಹುದೇ, ನಾಳೆ ಇನ್ನೊಂದು ಉಗ್ರಾಣದ ಬಾಗಿಲು ತೆರೆದರೆ ಇಂದು ಕೊಟ್ಟವನಿಗೆ ಅನ್ಯಾಯವಾಯಿತೇ ಎಂಬುದೂ ತೆರೆದ ಪ್ರಶ್ನೆ. ಯುದ್ಧ ಕಂಡ ತಲೆಮಾರು ಮುಗಿಯುತ್ತಿದೆ. ಅವರ ಮಕ್ಕಳು ಕೊಟ್ಟ ಬೆಲೆಯನ್ನು ಮೊಮ್ಮಕ್ಕಳು ಕೊಡುವರೇ ಎಂದು ಸಂಗ್ರಾಹಕರು ತಮ್ಮತಮ್ಮಲ್ಲೇ ವಾದಿಸುತ್ತಿದ್ದಾರೆ. ಇವೆಲ್ಲಕ್ಕಿಂತ ಕಠಿಣವಾದದ್ದು ಕೊಳ್ಳುವವನ ಹೊಣೆಯ ಪ್ರಶ್ನೆ. ವಿಧವೆಯೊಬ್ಬಳು ತನ್ನ ಗಂಡನ ಸ್ನೈಪರ್ ರೈಫಲನ್ನು ಸಾಮಾನ್ಯ ನಂ. 4 ಎಂದುಕೊಂಡು ಮಾರಲು ಬಂದಾಗ ತಿಳಿದ ಕೊಳ್ಳುಗ ಬಾಯಿ ಬಿಡಬೇಕೇ? ಹುಡುಕಾಟದ ಶ್ರಮಕ್ಕೆ ಸಿಕ್ಕ ಪ್ರತಿಫಲ ಅದು ಎನ್ನುವವರಿದ್ದಾರೆ. ನನಗೆ ಅದು ಮೋಸವೆಂದೇ ತೋರುತ್ತದೆ.

ಯಾರ ಮನೆಯ ಅಟ್ಟದಲ್ಲಾದರೂ ಅಜ್ಜನ ಕಾಲದ ಸೇನಾ ಕೋವಿ ಇದ್ದರೆ ಮೊದಲು ಅದರ ಪರವಾನಗಿ ಸ್ಥಿತಿಯನ್ನು ಪೊಲೀಸ್ ಠಾಣೆಯಲ್ಲಿ ಸರಿಪಡಿಸಿಕೊಳ್ಳಿ. ಮರಳು ಕಾಗದ ಹಾಕಿ ಉಜ್ಜಬೇಡಿ, ಬಣ್ಣ ಬಳಿಯಬೇಡಿ, ಸಡಿಲಾದ ಭಾಗವನ್ನು ಎಸೆಯಬೇಡಿ. ಅದು ಯಾರದು, ಯಾವಾಗ, ಎಲ್ಲಿಂದ ಬಂತು ಎಂದು ತಿಳಿದಿರುವ ಹಿರಿಯರು ಮನೆಯಲ್ಲಿ ಇರುವಾಗಲೇ ಕೇಳಿ, ಕೋವಿಯ ಸಂಖ್ಯೆಯೊಂದಿಗೆ ಬರೆದಿಟ್ಟುಕೊಂಡು ಅವರ ಸಹಿ ಹಾಕಿಸಿಕೊಳ್ಳಿ.